ಇಂಜಿನ್ ತಾತ ಸೇದಿದ ಪೈಪು

ನಾನು ಕಡೆದ ಮೊದಲ ಪೈಪನ್ನು ಇಂಜಿನ್ ತಾತನ ಕೈಗೆ ಕೊಡುವ ಮುನ್ನ ಮಾವ ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಸಿದರು. ಒಳ್ಳೆಯದು ಅಂತಲೂ ಇಲ್ಲ, ಕೆಟ್ಟದು ಅಂತಲೂ ಇಲ್ಲ.

“ಇವತ್ತು ಇದು ಬಿರಿಯದೆ ತಡೆದರೆ ಆ ಮೂಲೆ ಲೇತ್ ನಿನ್ನದು. ತಡೀಲಿಲ್ವಾ, ಸಂಜೆಯೊಳಗೆ ಫರ್ನಿಚರ್ ಅಂಗಡಿಯವನು ಗಾಡಿ ತರ್ತಾನೆ, ಅದನ್ನ ಎತ್ಕೊಂಡು ಹೋಗ್ತಾನೆ. ಆಮೇಲೆ ಮೂತಿ ಊದಿಸ್ಕೊಂಡು ಕೂರೋ ಹಾಗಿಲ್ಲ.”

ಮಾವ ನನ್ನ ಅಮ್ಮನ ತಮ್ಮ. ಮರದ ಗಂಟುಬೇರಿನಿಂದ ಪೈಪು ಕಡೆಯುವುದು, ಹಳೆಯ ಪೈಪುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಮರ ತಿರುಗಿಸಿ ಕಡೆಯುವ ಯಂತ್ರ ಲೇತ್; ಅಂಗಡಿಯ ಎರಡು ಲೇತ್‌ಗಳಲ್ಲಿ ಒಂದು ಅವರದು. ಇನ್ನೊಂದು, ಅದರ ಕೆಲಸಗಾರ ಬಿಟ್ಟುಹೋದ ಮೇಲೆ, ಹಳೇ ಪರದೆ ಹೊದ್ದು ಮೂಲೆಯಲ್ಲಿ ಮಲಗಿತ್ತು. ಕಸ ಗುಡಿಸಲು, ಉಪ್ಪುಕಾಗದ ಉಜ್ಜಲು ಎಂದು ಅಂಗಡಿಗೆ ಬರುತ್ತಿದ್ದ ನಾನು ಆ ಪರದೆಯನ್ನು ಕದ್ದು ಕದ್ದು ಎತ್ತಿ ನೋಡುತ್ತಿದ್ದೆ. ಅಜ್ಜಿಯ ಕಥೆಗಳಲ್ಲಿ ಮಲಗಿದ ರಾಜಕುಮಾರಿಯನ್ನು ನೋಡುವವರು ಹೀಗೇ ನೋಡುತ್ತಿದ್ದಿರಬೇಕು. ಅಂತೂ ಕಾಡಿ ಬೇಡಿ ಒಂದು ಪೈಪು ಕಡೆಯುವ ಅಪ್ಪಣೆ ಪಡೆದೆ. ಕಡೆದಾಯಿತು. ಈಗ ಪರೀಕ್ಷೆ.

ಹೊಸ ಕೈ ಮಾಡಿದ ಪೈಪನ್ನು ಮಾವನ ಅಂಗಡಿಯಲ್ಲಿ ನಡುಬೇಸಿಗೆಯ ಮಧ್ಯಾಹ್ನವೇ ಸೇದಿ ನೋಡಬೇಕು, ಅದೂ ನೆರಳಿಲ್ಲದ ಕಡೆ. “ಒಳಗೂ ಬೆಂಕಿ, ಹೊರಗೂ ಬೆಂಕಿ. ಆಗ ಮರ ಸುಳ್ಳು ಹೇಳಲ್ಲ” ಅನ್ನುವುದು ಅವರ ಸಿದ್ಧಾಂತ. ಸೇದುವವರೂ ಎಂಥವರು! ಅಂಗಡಿಯ ಹಳೇ ಗಿರಾಕಿ ಇಂಜಿನ್ ತಾತ ಹಿಂದೆ ಉಗಿಬಂಡಿ ಓಡಿಸುತ್ತಿದ್ದವರು. ಅವರು ಸೇದುವುದನ್ನು ನೋಡಿದರೆ, ಈಗಲೂ ಯಾವುದೋ ಬೆಟ್ಟದ ಏರಿನಲ್ಲಿ ಬಂಡಿ ಹತ್ತಿಸುತ್ತಿದ್ದಾರೆ ಅನ್ನಿಸಬೇಕು. ಅವರ ಬಾಯಲ್ಲಿ ಬಿರಿದ ಪೈಪುಗಳು ಮಾವನ ಕಪಾಟಿನ ಒಂದು ಇಡೀ ಖಾನೆ ತುಂಬಿವೆ.

“ಅವರೇ ಬೇಕಾ ಮಾವ? ಅವರು ಸೇದಿದ್ರೆ ಕಬ್ಬಿಣವೂ ಕರಗುತ್ತೆ.”

“ಅವರೇ ಬೇಕು. ಇನ್ನೊಂದು ಮಾತು. ಹೀಗೆ ಸೇದಿ, ಹಾಗೆ ಸೇದಿ ಅಂತ ಬಾಯಿ ಹಾಕಬಾರದು. ಗಿರಾಕಿಗೆ ಬುದ್ಧಿ ಹೇಳೋ ಪೈಪು ನಮ್ಮ ಅಂಗಡೀಲಿ ಮಾರಲ್ಲ.”

ಅಂಗಡಿಯ ಹಿಂದೆ ಸಣ್ಣ ಅಂಗಳ. ಒಂದು ಸಿಮೆಂಟಿನ ಬೆಂಚು, ಸುಣ್ಣ ಬಳಿದ ಗೋಡೆ, ಮೂಲೆಯಲ್ಲಿ ಹಲಗೆಗಳ ರಾಶಿ. ಬಿಸಿಲು ಗೋಡೆಗೆ ಬಡಿದು ವಾಪಸು ನಮ್ಮ ಮುಖಕ್ಕೇ ಬರುತ್ತಿತ್ತು. ಕಾಗೆಯೊಂದು ಬಾಯಿ ತೆರೆದುಕೊಂಡೇ ನೀರಿನ ತೊಟ್ಟಿಯ ಅಂಚಿನಲ್ಲಿ ಕೂತಿತ್ತು. ತಾತ ಮಾತ್ರ ಮದುವೆ ಮನೆಗೆ ಬಂದ ಬೀಗರ ಹಾಗೆ ಬೆಂಚಿನ ನಡುವೆ ವಿರಾಜಮಾನರಾದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಟೋಪಿ ಹಿಂದಕ್ಕೆ ತಳ್ಳಿ, “ಆಹಾ!” ಎಂದರು.

“ಏನು ತಾತ ಆಹಾ? ಜೀವ ಹೋಗ್ತಿದೆ.”

“ನಿನಗೇನೇ ಗೊತ್ತು? ಚಳೀಲಿ ಯಾರು ಬೇಕಾದ್ರೂ ಪೈಪು ಸೇದ್ತಾರೆ, ಕೈ ಬೆಚ್ಚಗಾಗ್ಲಿ ಅಂತ. ಬಿಸಿಲಲ್ಲಿ ಸೇದೋನಿಗೇ ಅದರ ರುಚಿ. ಗಾಳಿ ಇಲ್ಲ, ತೇವ ಇಲ್ಲ. ಹೊಗೆ ನೋಡು, ಎಲ್ಲಿಗೂ ಓಡಲ್ಲ, ಪಕ್ಕದಲ್ಲೇ ನಿಂತು ಮಾತಾಡಿಸುತ್ತೆ. ಮನೇಲಿ ನನ್ನ ಹೆಂಡ್ತಿ ಬಿಡ್ತಾಳಾ? ಪರದೆ ನಾರುತ್ತೆ, ದಿಂಬು ನಾರುತ್ತೆ, ಕೊನೆಗೆ ಗಂಡ ನಾರ್ತಾನೆ ಅಂತಾಳೆ.”

ತಂಬಾಕನ್ನು ಬೆರಳಲ್ಲಿ ಉದುರಿಸಿ, ಮೊದಲು ಹಗುರಾಗಿ, ಆಮೇಲೆ ಸ್ವಲ್ಪ ಬಿಗಿಯಾಗಿ ತುಂಬಿದರು. ಅದನ್ನು ನೋಡುವಾಗ ಇವರೂ ಮೆತ್ತಗಿನ ಮನುಷ್ಯರೇ ಅನ್ನಿಸಿತು. ಕಡ್ಡಿ ಗೀರಿದ ಮೇಲೆ ಆ ಭಾವನೆ ಹೋಯಿತು. ಪುಕ್ ಪುಕ್ ಪುಕ್. ಕೆನ್ನೆ ಒಳಹೋಗುತ್ತಿದೆ, ಹೊರಬರುತ್ತಿದೆ. ಹೊಗೆಯ ಹಿಂದೆ ಅವರ ಮುಖವೇ ಕಾಣದು.

ನಾನು ಬೆಂಚಿನ ತುದಿಯಲ್ಲಿ ಕೂತೆ, ಎದ್ದೆ, ತೊಟ್ಟಿಯ ಹತ್ತಿರ ಹೋಗಿ ಕಾಗೆಯನ್ನು ಓಡಿಸಿದೆ, ಮತ್ತೆ ಬಂದು ಕೂತೆ. ಪೈಪಿನ ಬಟ್ಟಲಿನ ಎಡ ಗೋಡೆಯ ಮೇಲೆಯೇ ನನ್ನ ಕಣ್ಣು. ಅಲ್ಲಿ ಉಳಿ ಒಂದು ಸಲ ಜಾರಿತ್ತು. ಗೋಡೆ ಕೂದಲೆಳೆಯಷ್ಟು ತೆಳ್ಳಗಾಗಿದೆಯೋ, ನನ್ನ ಭ್ರಮೆಯೋ, ಇವತ್ತಿಗೂ ಬೆರಳಿಗೆ ತಿಳಿದಿಲ್ಲ.

“ಏನೇ ಅದು, ಕಾಲಿಗೆ ಇರುವೆ ಹತ್ತಿದೆಯಾ?”

“ಇಲ್ಲ ತಾತ. ಸುಮ್ನೆ.”

ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ. ತಾತ ಪೈಪನ್ನು ಬಾಯಿಂದ ತೆಗೆದು ಕೆನ್ನೆಗೆ ಒತ್ತಿ ನೋಡಿದರು. ಪೈಪು ಸೇದುವವರು ಬಿಸಿ ನೋಡುವುದು ಹಾಗೆ. ಬೆರಳಿಗಿಂತ ಕೆನ್ನೆ ನಂಬಿಕಸ್ಥ. ಒತ್ತಿದವರು ತಟ್ಟನೆ ತೆಗೆದರು. ಅದೇ ಹೊತ್ತಿಗೆ ತಂಬಾಕಿನದಲ್ಲದ ಒಂದು ವಾಸನೆ ಮೂಗಿಗೆ ಬಡಿಯಿತು. ಮರ ಸುಡುತ್ತಿದೆಯಾ? ನಿಧಾನ ಎನ್ನಲು ಬಾಯಿ ತೆರೆದೆ. ಬಾಗಿಲ ಸಂದಿಯಲ್ಲಿ ಮಾವನ ಕನ್ನಡಕ ಮಿನುಗಿತು. ಬಾಯಿ ಮುಚ್ಚಿದೆ.

“ನಿಮ್ಮಜ್ಜಿ ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಕಥೆ ಶುರು ಮಾಡೋರು” ಎಂದರು ತಾತ, ಹೊಗೆಯೊಳಗಿಂದ. “ನೀನಿದ್ದೀಯ, ಇಂಜಿನ್ ಕೆಟ್ಟ ಸ್ಟೇಷನ್ ಮಾಸ್ತರನ ಹಾಗೆ ಶತಪಥ ಹಾಕ್ತಾ.”

ಕಥೆ! ಕಥೆ ಹೇಳಬಾರದು ಎಂದು ಮಾವ ಹೇಳಿಲ್ಲವಲ್ಲ.

“ನಾನೇ ಹೇಳ್ತೀನಿ. ಆದ್ರೆ ಹೂಂ ಅನ್ಬೇಕು ತಾತ. ಹೂಂ ಅನ್ನದಿದ್ರೆ ಕಥೆ ನಿಂತಲ್ಲೇ ನಿಲ್ಲುತ್ತೆ ಅಂತ ಅಜ್ಜಿ ಹೇಳ್ತಿದ್ರು.”

“ಬಾಯಲ್ಲಿ ಪೈಪಿದೆಯಲ್ಲೇ!”

“ಹಾಗಾದ್ರೆ ಒಂದು ಹೂಂಗೆ ಒಂದು ಹೊಗೆ. ಮಧ್ಯೆ ಮಧ್ಯೆ ಬಿಡೋ ಹಾಗಿಲ್ಲ. ಕಥೆ ಕೆಡುತ್ತೆ.”

ತಾತ ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿದರು. “ಸರಿ, ಹೊರಡಲಿ” ಎಂದರು.

ಒಲೆಗಳೆಲ್ಲ ಒಟ್ಟಿಗೇ ಆರಿಹೋದ ಒಂದು ಊರು. ಹೊಗೆ ಬಂತು. ಕಲ್ಲಿಗೆ ಕಲ್ಲು ಉಜ್ಜಿದರೂ ಕಿಡಿ ಇಲ್ಲ. ಹೊಗೆ. ಆಗ ಒಬ್ಬಳು ಹುಡುಗಿ ಸೂರ್ಯನ ಮನೆಗೇ ಹೋಗಿ ಬೆಂಕಿ ಕೇಳುತ್ತೇನೆಂದು ಹೊರಟಳು. ಸೂರ್ಯ ಊರಲ್ಲಿರಲಿಲ್ಲ, ಯಾವತ್ತಿನಂತೆ ತಿರುಗಲು ಹೋಗಿದ್ದ. ಮನೆಯಲ್ಲಿ ಅವನ ಮುದಿತಾಯಿ. ಮಗನ ಒಲೆಯಿಂದ ಒಂದು ಕೆಂಡ ತೆಗೆದು ಮಡಕೆಯಲ್ಲಿಟ್ಟು ಕೊಟ್ಟಳು. “ಓಡಿದರೆ ಗಾಳಿ ತಗುಲಿ ಕೆಂಡ ಧಗ್ಗೆಂದು ಹತ್ತುತ್ತೆ, ಮಡಕೆ ಸೀಳುತ್ತೆ. ನಿಂತರೆ ಬೂದಿ ಮುಚ್ಚಿ ಆರುತ್ತೆ. ನಡೀತಾ ಇರು ಮಗಳೇ” ಅಂದಳು.

ತಾತನ ಹೊಗೆ ಈಗ ಒಂದೊಂದೇ ಬರುತ್ತಿತ್ತು. ಎಳೆದದ್ದನ್ನು ಬಾಯಲ್ಲಿ ಇಟ್ಟುಕೊಂಡು, ನನ್ನ ವಾಕ್ಯ ಮುಗಿಯುವವರೆಗೆ ಕಾದು, ಮೆಲ್ಲಗೆ ಬಿಡುತ್ತಿದ್ದರು. ಬಿಸಿಲಲ್ಲಿ ಆ ನೀಲಿ ಎಳೆ ನೆಟ್ಟಗೆ ಮೇಲೇರಿ, ಅವರ ಟೋಪಿಯ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಕರಗುತ್ತಿತ್ತು. ಅವರ ಹಣೆಯ ಗೆರೆಗಳು ಸಡಿಲಾದವು. ನನಗೂ ಹುರುಪು ಬಂತು. ಹುರುಪೇ ನನ್ನ ಶತ್ರು. ಕೆಂಡ ಕದಿಯಲು ಸುಂಟರಗಾಳಿಯೊಂದನ್ನು ಕಥೆಗೆ ಬಿಟ್ಟೆ. ಹುಡುಗಿ ಓಡಿದಳು, ಗಾಳಿ ಅಟ್ಟಿಸಿಕೊಂಡು ಬಂತು, ಅವಳು ಬಂಡೆ ಹತ್ತಿದಳು, ಅದೂ ಹತ್ತಿತು...

ಪುಕ್ ಪುಕ್ ಪುಕ್ ಪುಕ್!

ಅಯ್ಯೋ ನನ್ನ ಬಾಯಿಗೆ ಮಣ್ಣು! ಬಟ್ಟಲಿನಲ್ಲಿ ಕೆಂಪು ಉಬ್ಬಿ ಬಂದಿತ್ತು. ಗಾಳಿಯನ್ನು ಅಲ್ಲೇ ಒಂದು ಗುಹೆಗೆ ನೂಕಿ ಬಂಡೆ ಮುಚ್ಚಿದೆ. ಹುಡುಗಿಯನ್ನು ಮರಳಿನ ಹಾದಿಯಲ್ಲಿ ನಡೆಸಿದೆ. ನಡೆದಳು. ಇನ್ನೂ ನಡೆದಳು. ದಾರಿಯಲ್ಲಿ ಒಂದು ಆಮೆ ಸಿಕ್ಕಿತು, ಅದರ ಜೊತೆ ಅದರ ಮೊಮ್ಮಕ್ಕಳ ಯೋಗಕ್ಷೇಮ ಮಾತಾಡಿದಳು.

“ಆಮೆ ಯಾಕೆ ಬಂತು?” ಎಂದರು ತಾತ.

“ಬಿಸಿಲಲ್ಲವಾ ತಾತ, ಪಾಪ.”

ಹೂಂ. ಹೊಗೆ.

ಆಮೆಯನ್ನು ದಾಟಿದ ಮೇಲೆ ನದಿ. ಸೇತುವೆ ಇಲ್ಲ, ದೋಣಿ ಇಲ್ಲ. ಮಡಕೆ ಹಿಡಿಯಲು ಎರಡು ಕೈ ಬೇಕು, ಈಜಲೂ ಎರಡು ಕೈ ಬೇಕು. ಇಲ್ಲಿ ನನಗೊಂದು ಕಷ್ಟವಿತ್ತು. ಈ ಕಥೆ ನನಗೆ ನದಿಯ ತನಕ ಮಾತ್ರ ಗೊತ್ತು. ಅಜ್ಜಿ ಎಷ್ಟು ಸಲ ಹೇಳಿದರೂ ನದಿಯ ದಡಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ. ನಾನು ಹುಡುಗಿಯನ್ನು ದಡದಲ್ಲಿ ಕೂರಿಸಿದೆ, ಕೊಕ್ಕರೆಯನ್ನು ಕೇಳಿಸಿದೆ, ಮೀನನ್ನು ಕೇಳಿಸಿದೆ. ಯಾರಿಗೂ ಗೊತ್ತಿಲ್ಲ. ಕಡೆಗೆ ಬಟ್ಟಲಿನಲ್ಲಿ ಬೂದಿ ಬೆಳ್ಳಗಾಯಿತು. ತಾತ ಕೊನೆಯ ಹೊಗೆ ಬಿಟ್ಟು ನಕ್ಕರು.

“ಪೈಪು ನನ್ನ ಬಾಯಲ್ಲಿ, ಹಿಡಿ ನಿನ್ನ ಕೈಯಲ್ಲಿ. ಇಂಜಿನ್ ಓಡಿಸಿದ್ದು ನೀನು ಕಣೇ ಕಳ್ಳಿ!”

ಮಾವ ಹೊರಗೆ ಬಂದರು. ಅವರು ನಗುತ್ತಿರಲಿಲ್ಲ.

“ಪೈಪಿನ ಜೊತೆ ಕಥೆಯನ್ನೂ ಪೊಟ್ಟಣ ಕಟ್ಟಿ ಕೊಡಕ್ಕಾಗುತ್ತಾ? ನಾಳೆ ಇದನ್ನ ಕೊಂಡವನ ಪಕ್ಕ ಹೋಗಿ ಕೂತ್ಕೋತೀಯಾ? ಇದು ಪರೀಕ್ಷೆಯಾಗಲಿಲ್ಲ. ತಾತ, ಇನ್ನೊಂದು ಸಲ ತುಂಬಿ. ಇವಳು ಬಾಯಿ ಬಿಡಲ್ಲ.”

“ಬಿಸಿ ಆರದ ಪೈಪಿಗೆ ಮತ್ತೆ ತುಂಬೋದಾ? ಏನಯ್ಯಾ, ಹೆತ್ತ ಮಗೂನ ಬಾಣಲೇಲಿ ಇಡ್ತೀಯಾ?”

“ತುಂಬಿ.”

ಬಿಸಿ ಇರುವಾಗಲೇ ಎರಡನೇ ಸಲ ಸೇದುವುದಕ್ಕಿಂತ ಕೆಟ್ಟದ್ದು ಪೈಪಿಗೆ ಇನ್ನೊಂದಿಲ್ಲ. ಮಾವನಿಗೆ ಅದು ಗೊತ್ತು, ಅದಕ್ಕೇ ಹೇಳಿದ್ದು. ತಾತ ತುಂಬಿದರು, ಹಚ್ಚಿದರು. ನಾನು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಬೆಂಚು ಅಂಗೈ ಸುಡುತ್ತಿತ್ತು, ತೆಗೆಯಲಿಲ್ಲ. ತೆಗೆದರೆ ಅವು ಎದ್ದು ಹೋಗಿ ಪೈಪನ್ನೇ ಕಿತ್ತುಕೊಳ್ಳುತ್ತಿದ್ದವು. ಶುರುವಿನಲ್ಲಿ ಪುಕ್ ಪುಕ್ ಪುಕ್. ಬೆಟ್ಟ ಹತ್ತುವ ಬಂಡಿ. ಮುಗಿಯಿತು, ಅಂದುಕೊಂಡೆ. ಪರದೆ ಸರಿಸಿ ಲೇತನ್ನು ಎತ್ತುವ ಕೈಗಳು ಕಣ್ಣ ಮುಂದೆ ಬಂದವು.

ಆಮೇಲೆ ಒಂದು ಹೊಗೆ ತಡವಾಯಿತು.

ತಲೆ ಎತ್ತಿ ನೋಡಿದೆ. ತಾತ ಗೋಡೆಯನ್ನು ನೋಡುತ್ತಿದ್ದರು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಹೊಗೆ ಎಳೆದರು, ಮರೆತರು, ಯಾವಾಗಲೋ ಬಿಟ್ಟರು.

“ಕೊಕ್ಕರೆ ಕಾಲಿಗೆ ಮಡಕೆ ಕಟ್ಟಿದ್ರೆ?” ತಮಗೆ ತಾವೇ ಅಂದುಕೊಂಡರು. ಮಾವ ನನ್ನ ಕಡೆ ಬೆರಳು ತೋರಿಸಿ ಗದರಿದರು. ನಾನು ತುಟಿ ಕಚ್ಚಿಕೊಂಡೆ. “ಊಹೂಂ. ಕೊಕ್ಕರೆ ಕಾಲು ಸುಡುತ್ತೆ.” ಹೊಗೆ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಹೊಗೆ.

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿತು. ಫರ್ನಿಚರ್ ಅಂಗಡಿಯವನು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಅಂಗಳಕ್ಕೇ ಬಂದ.

“ಲೇತ್ ಎತ್ತೋಣ್ವಾ ಅಣ್ಣ? ಬಿಸಿಲಿಗೆ ನನ್ನ ತಲೆ ಕಾದ ಹಂಡೆ ಆಗಿದೆ.”

“ಸ್ವಲ್ಪ ತಡಿ” ಎಂದರು ಮಾವ.

“ಏನು ನಡೀತಿದೆ ಇಲ್ಲಿ? ಯಾರಾದ್ರೂ ಹೋಗ್ಬಿಟ್ರಾ?”

“ಒಬ್ಬಳು ನದಿ ದಾಟ್ತಿದ್ದಾಳೆ, ಸುಮ್ನಿರಯ್ಯ” ಎಂದರು ತಾತ. ಅವನು ನನ್ನನ್ನು ನೋಡಿದ, ಒಣಗಿದ ಅಂಗಳವನ್ನು ನೋಡಿದ, ಹಲಗೆಗಳ ಮೇಲೆ ಕೂತುಬಿಟ್ಟ.

ಬಟ್ಟಲು ತಳ ಕಾಣುವ ಹೊತ್ತಿಗೆ ತಾತ ಬೆಂಚಿಗೆ ಅಂಗೈ ಬಡಿದರು. “ಸಿಕ್ತು! ಮಡಕೆ ಬಿಸಾಕಿದ್ಲು. ಗಂಟುಬೇರಿಂದ ಒಂದು ಬಟ್ಟಲು ಕಡೆದ್ಲು, ಅದಕ್ಕೊಂದು ಕೊಳವೆ ಸಿಕ್ಕಿಸಿದ್ಲು. ಕೆಂಡ ಬಟ್ಟಲಲ್ಲಿ, ಕೊಳವೆ ಹಲ್ಲಲ್ಲಿ. ಈಜಕ್ಕೆ ಎರಡು ಕೈಯೂ ಖಾಲಿ! ಆಗಾಗ ಒಂದು ಉಸಿರು ಎಳೆದ್ರೆ ಕೆಂಡ ಆರೋ ಮಾತೇ ಇಲ್ಲ.”

“ನಮ್ಮಮ್ಮ ಹಾಗೆ ಹೇಳ್ತಿರಲಿಲ್ಲ” ಎಂದರು ಮಾವ.

ಕಟ್ಟಿದ ಬಾಯಿ ತಡೆಯಲಿಲ್ಲ. “ಮತ್ತೆ ಹೇಗೆ ಹೇಳ್ತಿದ್ರು ಮಾವ?”

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. “ನನಗೂ ಅಷ್ಟು ಹೊತ್ತಿಗೆ ನಿದ್ದೆ ಬಂದಿರೋದು.” ಆಮೇಲೆ ಕನ್ನಡಕ ಮತ್ತೆ ಏರಿಸಿ, “ಅದಿರಲಿ, ಮರದ ಬಟ್ಟಲು ಸುಟ್ಟು ಹೋಗಲ್ವಾ?”

“ಅದು ಕಡೆದವಳ ಕೈಗುಣದ ಮೇಲಿರುತ್ತೆ. ಮುಟ್ಟಿ ನೋಡು.” ತಾತ ಎದ್ದು ಪೈಪನ್ನು ಮಾವನ ಕೆನ್ನೆಗೆ ಒತ್ತಿದರು.

ಮಾವ ಕೆನ್ನೆ ತೆಗೆಯಲಿಲ್ಲ. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಒಂದು ರೆಪ್ಪೆ ಅಲುಗಿದರೂ ಕಿರುಚಿಬಿಡುತ್ತಿದ್ದೆ. ಬೂದಿ ಕೊಡವಿ ಒಳಗೆ ಇಣುಕಿದರು. ಬೆಳಕಿಗೆ ಹಿಡಿದು ಗೋಡೆಯ ಸುತ್ತ ಉಗುರು ಆಡಿಸಿದರು. ಎಡಗಡೆ ಬಂದಾಗ ಉಗುರು ನಿಂತಿತು.

“ಇಲ್ಲಿ ಉಳಿ ಜಾರಿದೆ.”

“ಹೂಂ.”

“ಹೊಳಪಿಗೆ ಅಂತ ಮೇಣ ಮೆತ್ತಿಬಿಟ್ಟಿದ್ದೀಯ, ಗೋಡೆಗೆ ಗಾರೆ ಬಳಿದ ಹಾಗೆ. ಕರಗಿ ತಾತನ ಹೆಬ್ಬೆಟ್ಟು ಅಚ್ಚಾಗಿದೆ ನೋಡು. ಆಗ ಬಂದ ವಾಸನೆ ಅದರದೇ.”

“ಬಿರುಕು?”

ಅವರು ಇನ್ನೊಮ್ಮೆ ನೋಡಿದರು. “ಬಿಟ್ಟಿಲ್ಲ” ಎಂದರು, ಯಾರ ಮೇಲೋ ಸಿಟ್ಟಾದವರ ಹಾಗೆ. ಆಮೇಲೆ ಹಲಗೆಗಳ ಕಡೆ ತಿರುಗಿ, “ನೀನು ಬಂದಿದ್ದಕ್ಕೆ ಆ ಹಲಗೆ ತಗೊಂಡು ಹೋಗಯ್ಯ. ಲೇತ್‌ಗೆ ಕೆಲಸ ಬಂದಿದೆ.”

“ಬಿಸಿಲಲ್ಲಿ ಓಡಿ ಬಂದಿದ್ದು ಹಲಗೆಗಾ?” ಎಂದು ಅವನು ಗೊಣಗಿದ.

“ನೀನು ಓಡಬಾರದಾಗಿತ್ತು” ಎಂದರು ತಾತ.

ಅಷ್ಟರಲ್ಲಿ ನಾನು ಒಳಗಿದ್ದೆ. ಪರದೆ ಎಳೆದೆ, ಧೂಳು ಮೂಗಿಗೆ ತುಂಬಿತು. ಬೆಲ್ಟ್ ಮುಟ್ಟಿದೆ, ಹಿಡಿ ಮುಟ್ಟಿದೆ, ಗಂಟುಬೇರಿನ ತುಂಡು ಹುಡುಕಲು ಓಡಿದೆ, ಉಳಿ ಮರೆತೆ, ವಾಪಸು ಬಂದೆ. ಮೇಣ ಒರೆಸಿ ಮತ್ತೆ ಪಾಲಿಷ್ ಮಾಡು ಎಂದು ಮಾವ ಕೂಗಿದಾಗ ಅಂಗಳಕ್ಕೆ ಇಣುಕಿದೆ. ಬೆಂಚು ಖಾಲಿ. ಬೀದಿ ಬಾಗಿಲಿಗೆ ಓಡಿದೆ. ಬಿಸಿಲಲ್ಲಿ ತಾತನ ಟೋಪಿ ಹೋಗುತ್ತಿತ್ತು, ತನ್ನ ಹೆಬ್ಬೆಟ್ಟಿನ ಗುರುತಿನ ಪೈಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಗಳನ್ನು ಈಜುವವರ ಹಾಗೆ ಬೀಸುತ್ತ.