ನೀವು ಎಂದ ಮಗಳು

ಎಳೀಬೇಡಿ ಅಮ್ಮ, ನೋಯತ್ತೆ — ಎಳೀಬೇಡಿ? ಬಾಚಣಿಗೆ ಮಗಳ ಕೂದಲ ಸಿಕ್ಕಿನಲ್ಲಿ ಹಾಗೇ ನಿಂತಿತು, ಎಳೀಬೇಡ ಎಂದಿರಬೇಕು, ತನಗೇ ಸರಿಯಾಗಿ ಕೇಳಿಸಲಿಲ್ಲ, ಪಕ್ಕದ ಮನೆಯ ಮಿಕ್ಸಿ ಬೇರೆ ಗುರುಗುಟ್ಟುತ್ತಿದೆ, ಆದರೆ ಬೆಳಿಗ್ಗೆಯೂ ಅಂದಿದ್ದಳಲ್ಲ, ಅಮ್ಮ ನನ್ನ ಸಾಕ್ಸ್ ನೋಡಿದ್ರಾ, ಆಗ ತಮಾಷೆ ಎಂದುಕೊಂಡು ನಕ್ಕಿದ್ದಾಯಿತು. ಶಾಲೆಯಲ್ಲಾದರೆ ಸರಿ, ಅಲ್ಲಿ ತಾನು ಇವಳಿಗೂ ಮಿಸ್ಸೇ, ಚಿಕ್ಕ ಮಕ್ಕಳ ತರಗತಿಯ ಮಿಸ್, ಗೇಟಿನೊಳಗೆ ಮಿಸ್ ನೀವು, ಗೇಟು ದಾಟಿದ ಮರುಗಳಿಗೆ ಅಮ್ಮಾ ನೀನು ನನ್ನ ಬ್ಯಾಗ್ ಹಿಡ್ಕೋ, ಚಪ್ಪಲಿ ಬದಲಾಯಿಸಿದಷ್ಟು ಸಲೀಸಾಗಿ ಬದಲಾಯಿಸುತ್ತಿದ್ದಳು ಈ ಚೋಟುದ್ದದ ಗುಬ್ಬಿ, ಈಗ ಮರೆತಿರಬೇಕು, ಅಷ್ಟೇ, ಐದು ವರ್ಷದ ತಲೆಯಲ್ಲಿ ಎಷ್ಟಂತ ಹಿಡಿಸುತ್ತದೆ.

ಅಥವಾ ಪಾಠ ತಲೆಗೆ ಹತ್ತಿಬಿಟ್ಟಿತೋ — ಶಾಂತಿ, ದಯೆ, ಗೌರವ ಎಂದು ಬಾಯಿ ನೋಯುವಂತೆ ಹೇಳಿಕೊಟ್ಟವಳು ತಾನೇ ಅಲ್ಲವೆ, ಯಾರನ್ನೂ ಏಕವಚನದಲ್ಲಿ ಕರೆಯಬಾರದು, ಪಕ್ಕದಲ್ಲಿ ಕೂತವರಿಗೂ ನೀವು ಎನ್ನಬೇಕು, ನೀವು ಎಂದರೆ ಜಗಳ ತಾನಾಗಿಯೇ ನಿಲ್ಲುತ್ತದೆ ಎಂದು ಅದೆಂಥ ನಂಬಿಕೆ, ಆ ಕಿಲಾಡಿಗಳು ನಿಲ್ಲಿಸಿದ್ದೇನು, ರೀ ನೀವು ಕೋತಿ, ನೀವೇ ಕಣ್ರೀ ಕೋತಿ, ಒಬ್ಬಳಂತೂ ಪಕ್ಕದವನ ತೋಳು ಕಚ್ಚಿ, ಬಾಯಿ ಒರೆಸಿಕೊಂಡು, ದಯವಿಟ್ಟು ಅಳಬೇಡಿ ಎಂದಳು. ಹೆಡ್ ಮಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು, ನಿಮ್ಮ ಕ್ಲಾಸಲ್ಲಿ ಹೊಡೆದಾಟಾನೂ ಮರ್ಯಾದಸ್ಥರದ್ದು ಬಿಡಿ, ತಾನೂ ಉಬ್ಬಿಹೋದಳು, ಉಬ್ಬಿದ ಅದೇ ಉಸಿರಿನಲ್ಲಿ ಆಯಮ್ಮನ ಕಡೆ ತಿರುಗಿ, ನೀರು ಚೆಲ್ಲಿದೆ ನೋಡು, ಬೇಗ ಒರೆಸು. ಗುಬ್ಬಿ ಅಲ್ಲೇ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು, ಮಿಸ್, ಆಯಮ್ಮ ನಿಮಗಿಂತ ದೊಡ್ಡೋರಲ್ವಾ, ಸುಮ್ನೆ ಹೋಗಿ ಕೂತ್ಕೋ ಎಂದದ್ದಾಯಿತು, ಕೂತ್ಕೊಳ್ಳಿ ಎನ್ನಬೇಕಿತ್ತು.

ಹಾಗಾದರೆ ಸಂತೋಷಪಡಬೇಕು, ಬೇರೆ ತಾಯಂದಿರು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು, ಮತ್ತೆ ಈ ಸಂಕಟವೇಕೆ, ತಾನು ತನ್ನ ಅಮ್ಮನಿಗೆ ಕೊನೆಯವರೆಗೂ ನೀನು ಎಂದವಳು, ಅಮ್ಮನಿಗೆ ನೀವು ಎಂದರೆ ಯಾರೋ ನೆಂಟರು ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡಿದ ಹಾಗೆ. ಇವರಿಗೆ ಹೇಳಿದರೆ ಪೇಪರಿನಿಂದ ತಲೆಯೆತ್ತದೆ, ಬಡ್ತಿ ಸಿಕ್ತಲ್ಲ ನಿಂಗೆ, ನಂಗೆ ಮೊದಲಿಂದ್ಲೂ ನೀವೇ — ನಿಜ, ಮಗಳಿಗೂ ಹೆಂಡತಿಗೂ ಇವರು ನೀವೇ, ಇವರಿಗೆ ತಾವಿಬ್ಬರೂ ನೀನು, ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ, ಒಳ್ಳೆಯವರೇ, ಕೈ ಮಾಡಿದವರಲ್ಲ, ದನಿ ಮಾತ್ರ ಒಮ್ಮೊಮ್ಮೆ ಏರುತ್ತದೆ, ಏರಿದಾಗ ಅಡುಗೆಮನೆಯಲ್ಲಿ ಸೌಟು ಕೂಡ ಸದ್ದು ಮಾಡದಂತೆ ಇಡುವುದು ಅಭ್ಯಾಸವಾಗಿದೆ. ಯಾವಾಗಿನಿಂದ ತನಗೆ ನೀವು? ಮೊನ್ನೆ ನೀನೇ ಇತ್ತು, ನಿನ್ನೆ ಮಧ್ಯಾಹ್ನವೂ ಇತ್ತು, ನಿನ್ನೆ ಸಂಜೆ ಚಾರ್ಟು ಬರೆಯುತ್ತಿದ್ದಾಗ, ಅಮ್ಮ ನೀನು ಬಣ್ಣ ಕೊಡು ನಾನೂ ಬರೀತೀನಿ, ಬೇಡ ಎಂದರೂ ಕೈ ಹಾಕಿ, ಬಣ್ಣದ ನೀರೆಲ್ಲ ದಯೆ ಎಂಬ ಪದದ ಮೇಲೆ, ಸಾಯಂಕಾಲವೆಲ್ಲ ಕೂತು ಬರೆದದ್ದು — ಪಟ್ ಎಂದು ಒಂದೇ ಏಟು, ಜೋರಾಗಿಯೂ ಅಲ್ಲ, ಗುಬ್ಬಿ ಅಳಲಿಲ್ಲ, ಭುಜ ಮಾತ್ರ ಕಿವಿಯವರೆಗೆ ಏರಿಬಂತು, ಏರಿ ಅಲ್ಲೇ ನಿಂತಿತು, ಅಳಲಿಲ್ಲವಲ್ಲ ಎಂದು ಹೊಡೆದ ತಾನೇ ಸಮಾಧಾನ ಮಾಡಿಕೊಂಡಿದ್ದಳು, ಎಂಥ ಸಮಾಧಾನ ಅದು.

ಕೇಳಿಬಿಡುವುದು ಮೇಲು, ಗುಬ್ಬೀ, ಅಮ್ಮಂಗೆ ಯಾಕೆ ನೀವು ಅಂತೀಯ, ಮಿಸ್ಸಿಗೆ ಅಂದ್ರೆ ಸಾಕಲ್ವಾ, ದನಿಯನ್ನು ಆದಷ್ಟು ಮೆತ್ತಗೆ ಮಾಡಿ ಕೇಳುತ್ತಾಳೆ, ಮಗಳು ತಿರುಗಿಯೂ ನೋಡದೆ ರಿಬ್ಬನ್ನಿನ ತುದಿ ಸುತ್ತುತ್ತಾ, ಹೆದರಿಕೆ ಆಗೋರಿಗೆ ನೀವು ಅನ್ಬೇಕಲ್ವಾ, ನೀವೂ ಅಪ್ಪಂಗೆ ಹಂಗೇ ಅಂತೀರಲ್ವಾ. ಅಲ್ಲ ಕಣೇ, ಅದು ಹೆದರಿಕೆ ಅಲ್ಲ, ಅದು — ಗೌರವ ಎನ್ನಲು ಹೋದರೆ, ಇವಳ ಅಪ್ಪನಿಗೆ ತಾನು ಕೊಡುವುದು ಯಾವುದು, ಆಯಮ್ಮನಿಗೆ ಕೊಡದೆ ಇಟ್ಟುಕೊಂಡದ್ದು ಯಾವುದು, ನಾಳೆ ತರಗತಿಯಲ್ಲಿ ನಿಂತು ಯಾವುದನ್ನು ಯಾವುದೆಂದು ಹೇಳುವುದು, ಎಲ್ಲ ಕಲಸಿಹೋಗಿದೆ, ಮೊದಲು ಇವಳನ್ನು ಎಳೆದು ಅಪ್ಪಿಕೊಳ್ಳಬೇಕು, ನೀನು ಅನ್ನು, ಒಂದು ಸಲ ನೀನು ಅಂದುಬಿಡು ಎನ್ನಬೇಕು, ತಲೆ ಸವರಲು ಕೈ ಎತ್ತಿದಳು, ಸವರಲು ಅಷ್ಟೇ, ಗೋಡೆಯ ಮೇಲೆ ಕೈಯ ನೆರಳು ಎದ್ದದ್ದೇ ತಡ ಭುಜ ಏರಿಬಂತು, ಕೈ ಗಾಳಿಯಲ್ಲೇ ಉಳಿಯಿತು, ಇಳಿಸಿದರೆ ಇನ್ನಷ್ಟು ಹೆದರುತ್ತಾಳೋ ಏನೋ, ಇಳಿಸದಿದ್ದರೂ, ಮಿಕ್ಸಿ ನಿಂತಿದೆ, ಏನೂ ಕೇಳಿಸುತ್ತಿಲ್ಲ, ಕಿವಿಗೆ ಒತ್ತಿಕೊಂಡಿದೆ ಆ ಪುಟ್ಟ ಭುಜ, ಇಳಿಯುತ್ತಿಲ್ಲ, ಆ ಭುಜ.