ಕೇರೋಸನ ಪಾಲು

ನೇಪೆಯ ಎದೆಯಲ್ಲಿ ಹಾಲು ಬತ್ತಿಹೋಗಿತ್ತು. ಕೂಸು ಚೀಪಿ ಚೀಪಿ ಸೋತು, ಈಗ ಅಳುವುದನ್ನೂ ಬಿಟ್ಟು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿತ್ತು. ಮಗಳು ನೇಪೆಯ ಮುಖ ನೋಡುವ ಧೈರ್ಯವಾಗದೆ ಲಿಸೇಲೆ, ಕಾದ ಕಲ್ಲುಗಳ ನಡುವೆ ಬೇಯುತ್ತಿದ್ದ ಬಾಳೆಗಡ್ಡೆಯನ್ನೇ ನೋಡುತ್ತ ಕೂತಿದ್ದಳು. ಬಾಳೆಗಡ್ಡೆ! ಒಳ್ಳೆಯ ಕಾಲದಲ್ಲಿ ನಾಯಿಯೂ ಮೂಸದ ವಸ್ತು.

ಬಿರುಗಾಳಿ ಬಂದು ದೀವಿಹಲಸಿನ ಎಳೆಗಾಯಿಗಳನ್ನೆಲ್ಲ ಉದುರಿಸಿತ್ತು, ನಿಜ. ಆದರೆ ದ್ವೀಪದ ಈ ಕಿಟಿ ಸೀಮೆಯವರು ಬಿರುಗಾಳಿ ಕಾಣದ ಜನವೇನಲ್ಲ. ಅಂಥ ಕಾಲಕ್ಕೆಂದೇ ಪ್ರತಿ ಮನೆಯ ಹಿಂದೆ ಎಲೆ ಹಾಸಿದ ಗುಂಡಿಯಲ್ಲಿ ದೀವಿಹಲಸನ್ನು ಹುಳಿಬರಿಸಿ ಹೂತಿಡುತ್ತಿದ್ದರು. ಆ ಗುಂಡಿಗಳನ್ನು ಬರಿದು ಮಾಡಿದ್ದು ಗಾಳಿಯಲ್ಲ, ನಾನ್ ಮದೋಲ್‌ನಿಂದ ಬರುವ ದೋಣಿಗಳು. ಕಡಲಿನ ದಿಬ್ಬದ ಮೇಲೆ ಕಲ್ಲುಕಂಬಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಆ ಕಲ್ಲೂರಿನಲ್ಲಿ ದ್ವೀಪದ ಒಡೆಯನಿದ್ದ, ಪೂಜಾರಿಗಳಿದ್ದರು, ಪೂಜೆ ಮಾಡಿಸಿಕೊಳ್ಳಲು ಒಂದು ಹಾವುಮೀನೂ ಇತ್ತು. ಒಂದು ಗೆಣಸಿನ ಬಳ್ಳಿ ಮಾತ್ರ ಇರಲಿಲ್ಲ. ಕುಡಿಯುವ ನೀರು ಕೂಡ ದೋಣಿಯಲ್ಲೇ ಹೋಗಬೇಕು. ಇಷ್ಟಾದರೂ ಗೋಡೆ ಏರಿಸುವುದು ನಿಂತಿರಲಿಲ್ಲ. ಹೊರಗೆ ಹಸಿದವರು ಹೆಚ್ಚಿದಷ್ಟೂ ಗೋಡೆ ಎತ್ತರವಾಗಬೇಕಲ್ಲ!

ಆ ಗೋಡೆಗೆ ಕಲ್ಲು ಎಳೆಯಲು ಹೋದ ಲಿಸೇಲೆಯ ಗಂಡ ಕೇರೋಸ ವಾಪಸು ಬರಲಿಲ್ಲ. ಕಲ್ಲು ಜಾರಿತು ಅಂದರು. ಹೆಣವನ್ನೂ ಕೊಡಲಿಲ್ಲ.

ಈಗ ಹೆಗ್ಗೆಣಸು ಕೀಳುವ ಕಾಲ. ಮರುದಿನ ಕಡಲು ಉಕ್ಕುವ ಭರತದ ಹೊತ್ತಿಗೆ ಒಡೆಯನ ದೋಣಿ ಬರುವುದಿತ್ತು. ಮೊದಲ ಗೆಣಸು ಒಡೆಯನಿಗೆ ಮುಟ್ಟುವ ತನಕ ಯಾರೂ ಹೊಸ ಗೆಣಸನ್ನು ಬಾಯಿಗಿಡುವಂತಿಲ್ಲ. ಇಟ್ಟವರು ಹೊಟ್ಟೆ ಊದಿ ಸಾಯುತ್ತಾರೆಂದು ನಂಬಿಕೆ. ಊರ ಯಜಮಾನ ಪೌನೇಲ ಬಂದು ಅಂಗಳದಲ್ಲಿ ನಿಂತ. ಅವನು ಕೇರೋಸನ ಒಡಹುಟ್ಟಿದ ಅಣ್ಣ.

"ಲಿಸೇಲೆ, ಅದೇನಂದ್ರೆ... ಕೇರೋಸ ಏನಾದ್ರೂ ನೆಟ್ಟಿದ್ರೆ..." ಎಂದು ತಡವರಿಸಿ ನೆಲ ನೋಡಿದ.

ಪಾಪ, ಅವನ ಕಷ್ಟ ಅವನಿಗೆ. ಗಂಡಸು ಕಾಡಿನ ಮರೆಯಲ್ಲಿ ಬೆಳೆಸುವ ಗೆಣಸಿನ ಮಾತನ್ನು ಯಾರೂ ಎತ್ತಬಾರದು. ಕಣ್ಣಿಗೆ ಬಿದ್ದರೂ ಕಾಣದವರಂತೆ ದಾಟಿಹೋಗಬೇಕು. ಕಟ್ಟಿಕೊಂಡ ಹೆಂಡತಿ ಕೂಡ ಅದನ್ನು ನೋಡುವುದು ಹಬ್ಬದ ಚಾವಡಿಗೆ ಅದು ಬಂದಾಗಲೇ.

"ನಿಮ್ದಿಲ್ವಾ ಭಾವ?"

"ನಮ್ದೆಲ್ಲಿ ಬಂತಮ್ಮ? ಗಾಳಿಗೆ ಬಳ್ಳೀನೇ ಹರ್ದ್ಹೋಯ್ತು. ಊರಲ್ಲಿ ಯಾರತ್ರಾನೂ ಏನೂ ಇಲ್ಲ. ದೋಣಿ ಖಾಲಿ ಹೋದ್ರೆ ಇನ್ನಷ್ಟು ಗಂಡಸರನ್ನ ಕಲ್ಲಿಗೆ ಎಳ್ಕೊಂಡ್ ಹೋಗ್ತಾರೆ."

ಅವನು ಹೋದ ಮೇಲೆ ಲಿಸೇಲೆ ಚಿಪ್ಪಿನ ಕತ್ತಿ, ಅಗೆಯುವ ಕೋಲು, ಬುಟ್ಟಿ ತೆಗೆದುಕೊಂಡು ಕಾಡಿನ ಕಡೆ ಹೊರಟಳು. ಕೇರೋಸ ಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ಬಂದು "ಮೀನಿಗೆ ಹೋಗಿದ್ದೆ" ಅನ್ನುತ್ತಿದ್ದ. ಅವಳೂ ನಂಬಿದವಳ ಹಾಗೆ ಹೂಂಗುಟ್ಟುತ್ತಿದ್ದಳು. ಕೆಮ್ಮಣ್ಣು ಇರುವುದು ಮೇಲಿನ ತೊರೆಯ ದಂಡೆಯಲ್ಲಿ ಮಾತ್ರ.

ಕಾಡಿನ ದಾರಿಯಲ್ಲಿ ಎಲ್ಲರೂ ನಡೆಯುವುದು ತಲೆ ತಗ್ಗಿಸಿಕೊಂಡೇ. ಇವತ್ತು ಅವಳು ತಲೆ ಎತ್ತಿದಳು. ಎತ್ತಿದವಳಿಗೆ ಬಂಡೆಯ ಹಿಂದೆ ಒಂದು ಬಳ್ಳಿ ಕಂಡಿತು, ಬುಡಕ್ಕೆ ನೀಟಾಗಿ ಸೊಪ್ಪು ಮುಚ್ಚಿದ್ದು. ಬಿದ್ದ ಮರದ ಆಚೆ ಮತ್ತೊಂದು. ಸ್ವಲ್ಪ ಮೇಲೆ ಇನ್ನೊಂದು, ಅದರಾಚೆ ಇನ್ನೂ ಒಂದು. ಬಳ್ಳಿಯನ್ನು ಮರಕ್ಕೆ ಹಬ್ಬಿಸಿದ ಹಗ್ಗದ ಗಂಟು ನೋಡಿದರೆ ಸಾಕು, ಯಾರ ಕೈಯದೆಂದು ಹೇಳಬಹುದಿತ್ತು. ಬಂಡೆಯ ಹಿಂದಿನದು ಭಾವನದೇ. ಲಿಸೇಲೆಗೆ ಮೊದಲು ನಗು ಬಂತು. ಆಮೇಲೆ ಕೂಸಿನ ಬಾಯಿ ನೆನಪಾಗಿ ಮೈಯೆಲ್ಲ ಉರಿಯಿತು. ಮನೆಗೊಂದರಂತೆ ಗೆಣಸು ಮಣ್ಣಿನೊಳಗೆ ಬೆಚ್ಚಗೆ ಮಲಗಿತ್ತು; ತನ್ನದೊಂದೇ ಉಳಿದಿದೆ, ಬೇರೆ ಯಾರದೂ ಸಿಗದಿದ್ದರೆ ಕೊನೆಗೆ ಅದನ್ನೂ ಒಡೆಯನಿಗೆ ಕೊಟ್ಟು ಜೀವ ಉಳಿಸಿಕೊಳ್ಳೋಣ ಅಂದುಕೊಂಡು ಪ್ರತಿಯೊಬ್ಬನೂ ಬಾಯಿ ಹೊಲಿದುಕೊಂಡಿದ್ದ. ಊರಿಗೆ ಊರೇ ಮರ್ಯಾದೆಯಿಂದ ಉಪವಾಸ ಸಾಯುತ್ತಿತ್ತು.

ತೊರೆಯ ದಂಡೆಯಲ್ಲಿ ಕೇರೋಸನ ಬಳ್ಳಿ ಸಿಕ್ಕಿತು. ಅವನು ಕಟ್ಟಿದ ಗಂಟು ಹಾಗೇ ಇತ್ತು. ಅದನ್ನು ಹಿಡಿದುಕೊಂಡು ಲಿಸೇಲೆ ಗಟ್ಟಿಯಾಗಿ ಅತ್ತಳು. ಆಮೇಲೆ ಅಗೆಯಲು ಶುರುಮಾಡಿದಳು. ಅಗೆದಷ್ಟೂ ಗೆಣಸು ಮುಗಿಯಲೇ ಇಲ್ಲ, ಅಂಥ ಗಾತ್ರ! ಒಡೆಯನಿಗೆ ಕೊಡುವ ಗೆಣಸನ್ನು ಒಂದು ಗೀರೂ ಬೀಳದಂತೆ ಇಡಿಯಾಗಿ ಕಿತ್ತು, ಗಳುವಿಗೆ ಕಟ್ಟಿ, ಗಂಡಸರು ಹೊರಬೇಕು. ಅವಳು ಗುಂಡಿಯಲ್ಲೇ ಅದಕ್ಕೆ ಚಿಪ್ಪಿನ ಕತ್ತಿ ಹಾಕಿ ತುಂಡು ತುಂಡು ಮಾಡಿ ಬುಟ್ಟಿಗೆ ತುಂಬಿದಳು. ಇನ್ನು ಯಾವ ದೋಣಿಯೂ ಅದನ್ನು ಮುಟ್ಟುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಚಾವಡಿಯ ಮುಂದೆ ಕಲ್ಲುಗಳು ಕೆಂಪಗೆ ಕಾದಿದ್ದವು. ಲಿಸೇಲೆ ತುಂಡುಗಳನ್ನು ಜೋಡಿಸಿ ಎಲೆ ಮುಚ್ಚುವಾಗ ಪೌನೇಲ ಓಡಿಬಂದ.

"ಏನ್ ಮಾಡ್ದೆ ಲಿಸೇಲೆ! ತಿಂದ್ರೆ ಹೊಟ್ಟೆ ಊದ್ಕೊಂಡು ಸಾಯ್ತೀಯಾ!"

"ಊದ್ಲಿ ಬಿಡಿ ಭಾವ. ಈ ಹೊಟ್ಟೆ ಉಬ್ಬಿದ್ದು ನೋಡಿ ಎಷ್ಟು ಕಾಲ ಆಯ್ತು!"

ಜನ ಸೇರಿದರು. ಲಿಸೇಲೆ ಕೈ ಝಾಡಿಸಿ ಎದ್ದು ನಿಂತಳು. "ನಾನು ನೋಡ್ದೆ," ಅಂದಳು. "ನಿನ್ನೆ ಕಾಡಲ್ಲಿ ಎಲ್ಲಾರ ಗೆಣಸೂ ನೋಡ್ದೆ."

ಗಂಡಸರು ಅಂಗೈಯಿಂದ ಮುಖ ಮುಚ್ಚಿಕೊಂಡರು. "ಬಾಯ್ಮುಚ್ಚೇ, ನಾಚ್ಕೆಗೆಟ್ಟೋಳೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಾಚ್ಕೆ ಬಿಟ್ಟೇ ಬಂದಿದೀನಿ. ಭಾವಂದು ಬಂಡೆ ಹಿಂದೆ ಇದೆ. ಈಗ ಕೂಗಿದ್ಯಲ್ಲ, ನಿಂದು ಬಿದ್ದ ಮರದಾಚೆ. ಇನ್ನೂ ಹೇಳ್ಲಾ?"

ಇನ್ನು ಹೇಳಬೇಕಾಗಿರಲಿಲ್ಲ. ಪೌನೇಲನ ಹೆಂಡತಿ ಗಂಡನ ಕಡೆ ತಿರುಗಿದಳು. "ಮೊಮ್ಮಕ್ಕಳು ಬಾಳೆಗಡ್ಡೆ ಅಗೀತಾ ಕೂತಿದ್ರೆ, ನೀನು ಕಲ್ಲೂರಿನವನಿಗೆ ಅಂತ ಗೆಣಸು ಬಚ್ಚಿಟ್ಟಿದ್ಯಾ? ನಡಿ, ಕಿತ್ಕೊಂಡ್ ಬಾ!" ಆ ದನಿಗೆ ಎದುರಾಡುವ ಗಂಡಸು ಇಡೀ ಕಿಟಿ ಸೀಮೆಯಲ್ಲಿ ಹುಟ್ಟಿರಲಿಲ್ಲ. ಪೌನೇಲ ಕೋಲು ಎತ್ತಿಕೊಂಡ. ಅವನ ಹಿಂದೆ ಉಳಿದವರೂ ಒಬ್ಬರ ಮುಖ ಒಬ್ಬರು ನೋಡದೆ ಹೊರಟರು.

ಭರತ ಏರಿತು. ಮ್ಯಾಂಗ್ರೋವ್ ಗಿಡಗಳ ಸಂದಿನಿಂದ ದೋಣಿ ಬಂತು. ಒಡೆಯನ ಪಾಲು ವಸೂಲು ಮಾಡುವ ಲೆಂಪೋಯ್ ದಡಕ್ಕೆ ಇಳಿಯುವ ಮೊದಲೇ ಮೂಗರಳಿಸಿದ. ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವರೂ ಅರಳಿಸಿದರು. ಅವರ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು.

"ಒಡೆಯರ ಪಾಲೆಲ್ಲಿ?"

"ಬೇಯ್ತಾ ಇದೆ," ಅಂದಳು ಲಿಸೇಲೆ. "ಆದ್ರೆ ಅದು ಒಡೆಯಂದಲ್ಲ."

"ಈಟಿಯವರನ್ನ ಕರ್ಕೊಂಡ್ ಬರ್ತೀನಿ. ಊರು ಸುಡಿಸ್ತೀನಿ!"

ಲಿಸೇಲೆ ಹಬೆಯಾಡುತ್ತಿದ್ದ ಎಲೆಗಳನ್ನು ಇನ್ನಷ್ಟು ಒತ್ತಿ ಮುಚ್ಚಿದಳು. "ಕರ್ಕೊಂಡ್ ಬಾ. ಅವರೂ ಉಂಡು ಬರ್ಬೇಕಲ್ಲ, ಏನ್ ಉಂಡು ಬರ್ತಾರೆ? ನಿಮ್ಮ ಗೋಡೆ ಕಲ್ಲು ಬೇಯಿಸ್ಕೋತಾರಾ? ನನ್ ಗಂಡ ಎಳೆದಿದ್ದೂ ಒಂದಿದೆ ಅಲ್ಲಿ, ಅದು ಬೆಂತಾ ನೋಡು."

ಅಷ್ಟು ಹೊತ್ತಿಗೆ ಗಂಡಸರು ಕಾಡಿನಿಂದ ಇಳಿದರು. ಎಲ್ಲರ ಗೆಣಸೂ ಗಳುವಿನ ಮೇಲೆ, ಹಾಡುಹಗಲಲ್ಲಿ, ಬಟಾಬಯಲಾಗಿ ಬಂತು. ಲೆಂಪೋಯ್‌ನ ಮುಖ ಅರಳಿತು. ಪೌನೇಲ ಅವನ ಮುಂದೆಯೇ ಹಾದು ಬಂದು ತನ್ನ ಗೆಣಸನ್ನು ಲಿಸೇಲೆಯ ಕಾಲ ಬಳಿ ಇಳಿಸಿ, ತಾನೇ ಕತ್ತಿ ಎತ್ತಿ ಕಚಕ್ಕನೆ ಸೀಳಿದ. ಅವನ ಕಣ್ಣಲ್ಲಿ ನೀರಿತ್ತು.

"ಕೇರೋಸನ್ನ ಕಲ್ಲಿಗೆ ಕಳಿಸ್ದೋನು ನಾನೇ ಕಣಮ್ಮ. ಇನ್ ಸಾಕು," ಅಂದ.

ಎಲೆ ಸರಿಸಿದಾಗ ಹಬೆ ಎದ್ದಿತು. ಊಟದ ಪಾಲನ್ನು ಒಬ್ಬೊಬ್ಬರ ಪದವಿ ಹಿಡಿದು ಕೂಗುವುದು ಗಂಡಸರ ಕೆಲಸ, ಮೊದಲ ಕೂಗು ಯಾವತ್ತೂ ಒಡೆಯನದು. ಎಲ್ಲರೂ ಲಿಸೇಲೆಯನ್ನೇ ನೋಡುತ್ತಿದ್ದರು. ಅವಳು ದೊಡ್ಡ ತುಂಡೊಂದನ್ನು ಎಲೆಯ ಮೇಲಿಟ್ಟು, ತಲೆಯ ಮೇಲಕ್ಕೆತ್ತಿ, ಗಂಟಲು ಹರಿಯುವಂತೆ ಕೂಗಿದಳು:

"ಕೇರೋಸನ ಪಾಲು!"

ಅದನ್ನು ಒಯ್ದು ನೇಪೆಯ ಮಡಿಲಿಗೆ ಇಟ್ಟಳು. ನೇಪೆ ಹೆದರುತ್ತ ತಾಯಿಯ ಮುಖ ನೋಡಿದಳು. ಲಿಸೇಲೆ ಮೊದಲ ತುತ್ತನ್ನು ತಾನೇ ನುಂಗಿ, "ಸಾಯೋದಾದ್ರೆ ಮೊದಲು ನಾನು. ತಿನ್ನು ಮಗಳೇ," ಅಂದಳು. ನೇಪೆ ತಿಂದಳು.

ದೋಣಿ ನಡೆಸುವವರು ಹುಟ್ಟು ಬಿಸಾಡಿ ಬಂದು ಸಾಲಿನಲ್ಲಿ ಕೂತರು. ನೀರು ಇಳಿಯತೊಡಗಿತ್ತು. ಖಾಲಿ ದೋಣಿಯ ಪಕ್ಕ ಒಬ್ಬನೇ ನಿಂತ ಲೆಂಪೋಯ್, ತನ್ನನ್ನು ಪದವಿ ಹಿಡಿದು ಕರೆಯಲಿ ಎಂದು ಕಾದ. ಎಲ್ಲರಿಗೂ ಬಡಿಸಿಯಾದ ಮೇಲೆ ಲಿಸೇಲೆ, ಪಕ್ಕದ ಮನೆಯವನನ್ನು ಕರೆದಂತೆ ಕರೆದಳು.

"ಲೆಂಪೋಯ್, ಉಣ್ಣೋದಾದ್ರೆ ಬಾ. ನಾಳೆಯಿಂದ ಅಗೆಯೋಕೂ ಬರ್ಬೇಕು."

ಅವನು ಖಾಲಿ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿದ. ಆಮೇಲೆ ಬಂದು ಸಾಲಿನ ಕೊನೆಯಲ್ಲಿ ಕೂತ.

ಈಟಿಯವರು ಬರಲಿಲ್ಲ. ಸುದ್ದಿ ಕೇಳಿದ ಊರುಗಳು ಒಂದೊಂದಾಗಿ ಒಡೆಯನಿಗಾಗಿ ಗಳು ಹೊರುವುದನ್ನು ನಿಲ್ಲಿಸಿದವು. ಮುಂದಿನ ದೀವಿಹಲಸು ಹಣ್ಣಾಗುವ ಹೊತ್ತಿಗೆ ಕಲ್ಲೂರಿನ ಮೇಲೆ ಹೊಗೆ ಏಳುತ್ತಿರಲಿಲ್ಲ. ಚಾಪೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಅಲ್ಲಿಂದ ಬಂದವರಿಗೆಲ್ಲ ಲಿಸೇಲೆ ಮೊದಲು ಉಣ್ಣಲು ಕೊಟ್ಟಳು, ಆಮೇಲೆ ಕೈಗೊಂದು ಅಗೆಯುವ ಕೋಲು ಕೊಟ್ಟಳು. ಕಂಕುಳಲ್ಲಿ ಮೊಮ್ಮಗ ಅವಳ ಕೂದಲು ಹಿಡಿದೆಳೆದು ಗಲಾಟೆ ಮಾಡುತ್ತಿದ್ದ. ಅವನಿಗೆ ನೇಪೆ ಇಟ್ಟಿದ್ದ ಹೆಸರು ಕೇರೋಸ.