ಹೊತ್ತು ಮುಳುಗುವ ಮೊದಲು

ತಪಾಸಣೆಗೆ ಚಿಕ್ಕೋಡಿಯಿಂದ ಅಧಿಕಾರಿ ಬರುತ್ತಾರೆಂದು ಕಾಗವಾಡದ ವೃದ್ಧಾಶ್ರಮದಲ್ಲಿ ಬೆಳಿಗ್ಗೆಯೇ ಹೊಸ ಚಾದರ ಹಾಸಿದ್ದರು. ಮಡಿಕೆಯ ಗೆರೆಗಳೂ ಹೋಗಿರಲಿಲ್ಲ. ನಾಳೆ ಅವು ಮತ್ತೆ ಕಪಾಟು ಸೇರುತ್ತವೆಂದು ಗೊತ್ತಿದ್ದ ಅಡುಗೆಯ ಕೌಸರ ಹಲ್ಲು ಕಚ್ಚಿಕೊಂಡಿದ್ದಳು.

ಅಧಿಕಾರಿ ಸಾರಿಕಾ ಬಂದಾಗ ನಾಲ್ಕು ಗಂಟೆ. ಫಾರ್ಮಿನಲ್ಲಿ ಗುರುತು ಹಾಕುತ್ತ ಹಾಕುತ್ತ ಜಿನಮತಿ ಆಯಿಯ ಮಂಚದ ಬಳಿ ನಿಂತರು.

“ರಾತ್ರಿ ಊಟ ಕೊಡ್ತಾರೇನ್ರಿ ಆಯಿ?”

ಆಯಿ, ಪಕ್ಕದಲ್ಲಿದ್ದ ವ್ಯವಸ್ಥಾಪಕ ಜ್ಞಾನದೇವನತ್ತ ನೋಡಿದಳು. “ದಿನಾ ಬಡಸ್ತಾರ್ರಿ.”

ಇನ್ನೊಂದು ಗುರುತು ಬಿತ್ತು.

“ಎಷ್ಟಕ್ಕ ಬಡಸ್ತಾರ ಅಂತ ಕೇಳ್ರಿ ಬಾಯಾರ!” ಬಾಗಿಲಲ್ಲಿ ನಿಂತ ಕೌಸರ ಕೂಗಿದಳು. “ಎಂಟಕ್ಕ! ಆಯಿ ಜೈನರು, ಹೊತ್ತು ಮುಳುಗಿದ ಮ್ಯಾಲೆ ಒಂದು ತುತ್ತೂ ಮುಟ್ಟಂಗಿಲ್ಲ. ಮೂರು ತಿಂಗಳಾತು, ಹಸಕೊಂಡ ಮಲಗತಾರ.”

“ನೀ ಒಳಗ ಹೋಗ,” ಜ್ಞಾನದೇವ ಗದರಿದ. “ಇಪ್ಪತ್ತೆರಡ ಮಂದಿ ಅದಾರ್ರಿ ಮೇಡಂ. ಒಬ್ಬೊಬ್ಬರಿಗೆ ಒಂದೊಂದ ಟೈಮ್ ಅಂದ್ರ ಹೆಂಗ್ರಿ?”

“ಒಲಿ ನಾಲ್ಕಕ್ಕ ಹತ್ತತೈತಿ! ಈ ಸಾಹೇಬರು ಕಾರ್ಖಾನಿಗೆ ಮಾರೋ ಐವತ್ತ ಊಟದ ಡಬ್ಬಿ ಮೊದಲ, ಇವರದು ಆಮ್ಯಾಲೆ. ನಾ ರಂಜಾನದಾಗ ರೋಜಾ ಹಿಡಿಯಾಕಿ, ಹೊತ್ತು ಮುಳಗೂದಂದ್ರ ಏನಂತ ನನಗ ಗೊತ್ತೈತಿ. ನನ್ನ ಬಾಯಿ ತೆರಿಯೋ ಹೊತ್ತಿಗೆ ಇವರ ಬಾಯಿ ಮುಚ್ಚತೈತಿ.”

“ಬಿಡ ಮಗಳ,” ಆಯಿ ಪಿಸುಗುಟ್ಟಿದಳು. “ಇಲ್ಲಿಂದ ಹೊರಗ ಹಾಕಿದ್ರ ಎಲ್ಲಿಗೆ ಹೋಗಲಿ?”

ಸಾರಿಕಾ ಫಾರ್ಮು ತಿರುವಿದರು. “ಇದರಾಗ ಊಟದ ಟೈಮಿಗೆ ಕಾಲಮ್ ಇಲ್ಲವ್ವಾ.”

“ಕಾಲಮ್ ಇಲ್ಲಂದ್ರ ಹೊಟ್ಟೀನೂ ಇಲ್ಲೇನ್ರಿ?” ಎಂದಳು ಕೌಸರ.

ಆಯಿಯ ರವಿಕೆಯ ತೋಳು ಖಾಲಿ ಚೀಲದಂತೆ ಜೋತಿತ್ತು. ಅದನ್ನೇ ನೋಡುತ್ತ ನಿಂತ ಸಾರಿಕಾ, ತಾವು ಹಾಕಿದ್ದ ಗುರುತನ್ನು ಹೊಡೆದು ಹಾಕಿದರು.

“ಇವತ್ತ ಹೊತ್ತು ಎಷ್ಟಕ್ಕ ಮುಳುಗತೈತಿ?”

“ಆರೂವರಿಗೆ,” ಎಂದಳು ಕೌಸರ.

“ಮೇಡಂ, ನಿಮ್ಮ ಬಸ್ಸು ಐದಕ್ಕ ಐತ್ರಿ,” ಜ್ಞಾನದೇವ ನೆನಪಿಸಿದ.

“ಹೋಗಲಿ ಬಿಡ್ರಿ.”

ಸಾರಿಕಾ ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕುಳಿತರು. ಕೌಸರ ಕಾರ್ಖಾನೆಯ ಡಬ್ಬಿಗಳನ್ನು ಮೂಲೆಗೆ ತಳ್ಳಿ, ಆಶ್ರಮದ ಅನ್ನದ ಪಾತ್ರೆಯನ್ನು ಒಲೆಗೇರಿಸಿದಳು. ಜ್ಞಾನದೇವ ಫೋನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡಿದ.

ಆರಕ್ಕೆ ಆಯಿಯ ಮುಂದೆ ತಾಟು ಬಂತು. ಸಾರಿಕಾ ಫಾರ್ಮಿನ ಖಾಲಿ ಅಂಚಿನಲ್ಲಿ ಗೆರೆ ಎಳೆದು, ‘ಊಟದ ವೇಳೆ’ ಎಂದು ಕೈಯಿಂದಲೇ ಬರೆದರು. ಅದರ ಕೆಳಗೆ ಡಬ್ಬಿಗಳ ವಿಷಯವನ್ನೂ ಬರೆದರು.

“ಮತ್ತ ಬರತೇನಿ,” ಎಂದರು ಜ್ಞಾನದೇವನಿಗೆ, ಚಾದರದ ಮಡಿಕೆಯ ಗೆರೆಗಳನ್ನು ನೋಡುತ್ತ. “ಯಾವತ್ತು ಅಂತ ಹೇಳಂಗಿಲ್ಲ. ಈ ಆಯಿ ಇದ ಮಂಚದ ಮ್ಯಾಲೆ, ಇದ ಚಾದರದ ಮ್ಯಾಲೆ ಇರಬೇಕು.”

ಆಯಿ ಕಿಟಕಿಯತ್ತ ನೋಡಿದಳು. ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು. ಅವಳು ಅನ್ನಕ್ಕೆ ಕೈ ಹಾಕಿದಳು.